ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ವಿದೇಶಿ ಸಂದರ್ಶಕರ ಉಚಿತ ಚಿಕಿತ್ಸೆಯ ಅರ್ಹತೆ

ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳು ರಾಷ್ಟ್ರೀಯ ಆರೋಗ್ಯ ಸೇವೆಯ ಅಂಗಗಳಾಗಿವೆ. ಈ ಸೇವೆಯನ್ನು ಸಾಮಾನ್ಯವಾಗಿ ಎನ್‌ಎಚ್‌ಎಸ್ ಎಂಬ ಹ್ರಸ್ವನಾಮದಿಂದ ಕರೆಯುತ್ತಾರೆ. ಅಲ್ಲಿನ ನಿವಾಸಿಗಳಿಗೆ ಆಸ್ಪತ್ರೆಯ ಚಿಕಿತ್ಸೆ ಉಚಿತ. ಹೊರದೇಶಗಳಿಂದ ಬಂದವರಲ್ಲಿ ಯಾರಿಗೆ ಈ ಚಿಕಿತ್ಸೆ ಉಚಿತ, ಯಾರಿಂದ ಶುಲ್ಕ ಪಡೆಯಬೇಕು ಎಂಬುದನ್ನು ಸಂಸತ್ತಿನ ಕಾಯಿದೆಗಳು ಮತ್ತು ಅವುಗಳ ಅಡಿಯಲ್ಲಿ ರಚಿತವಾದ ನಿಯಮಗಳು ನಿರ್ಧರಿಸುತ್ತವೆ. ಈ ನಿಯಮಗಳ ಮೂಲ ತತ್ತ್ವ ಒಂದೇ: ಉಚಿತ ಚಿಕಿತ್ಸೆಯ ಹಕ್ಕು ವಾಸದಿಂದ ಹುಟ್ಟುತ್ತದೆ. ಪೌರತ್ವ, ಹುಟ್ಟಿದ ಸ್ಥಳ, ಹಿಂದೆ ಪಾವತಿಸಿದ ತೆರಿಗೆ ಇವುಗಳಲ್ಲಿ ಯಾವುದೂ ತಾನೇ ತಾನಾಗಿ ಆ ಹಕ್ಕನ್ನು ಕೊಡುವುದಿಲ್ಲ.

ಇದರೊಡನೆ ಇನ್ನೊಂದು ಭೇದವನ್ನೂ ಗಮನಿಸಬೇಕು. ಚಿಕಿತ್ಸೆ ದೊರೆಯುವುದು ಬೇರೆ, ಅದು ಉಚಿತವಾಗಿ ದೊರೆಯುವುದು ಬೇರೆ. ಪ್ರಾಣಾಪಾಯದಲ್ಲಿರುವ ಯಾವ ರೋಗಿಗೂ ಹಣದ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಆದರೆ ಆ ಚಿಕಿತ್ಸೆಯ ವೆಚ್ಚವನ್ನು ಅನಂತರ ವಸೂಲು ಮಾಡಬಹುದು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ ಪ್ರತ್ಯೇಕ ನಿಯಮಗಳಿದ್ದು, ಈ ಲೇಖನ ಇಂಗ್ಲೆಂಡಿನ ವ್ಯವಸ್ಥೆಗೆ ಸೀಮಿತವಾಗಿದೆ.

ಇತಿಹಾಸ

ರಾಷ್ಟ್ರೀಯ ಆರೋಗ್ಯ ಸೇವೆ 1946ರ ಕಾಯಿದೆಯ ಅನ್ವಯ 1948ರ ಜುಲೈ 5ರಂದು ಆರಂಭವಾಯಿತು. ಆಗ ಆರೋಗ್ಯ ಸಚಿವರಾಗಿದ್ದವರು ಲೇಬರ್ ಪಕ್ಷದ ಅನೈರಿನ್ ಬೆವನ್. ಆರಂಭದಲ್ಲಿ ಸಂದರ್ಶಕರಿಗೂ ನಿವಾಸಿಗಳಿಗೂ ಭೇದವಿರಲಿಲ್ಲ. ದೇಶದ ನೆಲದಲ್ಲಿದ್ದ ಯಾರೇ ಆದರೂ ಚಿಕಿತ್ಸೆ ಪಡೆಯಬಹುದಾಗಿತ್ತು. ವಿದೇಶಿಯರು ಈ ಔದಾರ್ಯದ ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ ಎಂಬ ಆಕ್ಷೇಪ ಬೇಗನೆ ಕೇಳಿಬಂತು. ಇದರ ಫಲವಾಗಿ 1949ರ ತಿದ್ದುಪಡಿ ಕಾಯಿದೆಯಲ್ಲಿ, ಬ್ರಿಟನ್ನಿನ ಸಾಮಾನ್ಯ ನಿವಾಸಿಗಳಲ್ಲದವರಿಂದ ಶುಲ್ಕ ಪಡೆಯುವ ಅಧಿಕಾರವನ್ನು ಸರ್ಕಾರಕ್ಕೆ ನೀಡಲಾಯಿತು.

ಆ ಅಧಿಕಾರ ಮೂರು ದಶಕಗಳಿಗೂ ಹೆಚ್ಚು ಕಾಲ ಕಾಗದದ ಮೇಲೆಯೇ ಉಳಿಯಿತು. ಬೆವನ್ 1952ರಲ್ಲಿ ಪ್ರಕಟಿಸಿದ 'ಇನ್ ಪ್ಲೇಸ್ ಆಫ್ ಫಿಯರ್' ಎಂಬ ಕೃತಿಯಲ್ಲಿ ವಿದೇಶಿಯರಿಗೆ ಚಿಕಿತ್ಸೆ ನೀಡುವುದನ್ನು ಸಮರ್ಥಿಸಿದರು. ಸಂದರ್ಶಕರನ್ನು ಬೇರ್ಪಡಿಸಬೇಕಾದರೆ ದೇಶದ ನಿವಾಸಿಗಳೆಲ್ಲರೂ ಗುರುತಿನ ಪುರಾವೆಯನ್ನು ಹೊತ್ತು ತಿರುಗಬೇಕಾಗುತ್ತದೆ ಎಂಬುದು ಅವರ ವಾದಗಳಲ್ಲಿ ಒಂದು. ಇಂದಿಗೂ ಈ ವಿಷಯದ ಚರ್ಚೆಯಲ್ಲಿ ಆ ವಾದ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಶುಲ್ಕ ವಿಧಿಸುವ ಮೊದಲ ನಿಯಮಗಳು 1982ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಬಳಿಕ 1989ರಲ್ಲಿ ಮತ್ತು 2011ರಲ್ಲಿ ಹೊಸ ನಿಯಮಗಳು ರೂಪುಗೊಂಡವು. ಈಗ ಚಾಲ್ತಿಯಲ್ಲಿರುವುದು 2015ರ ಏಪ್ರಿಲ್ 6ರಂದು ಜಾರಿಯಾದ ನಿಯಮಾವಳಿ. ಅನಂತರ ಇದಕ್ಕೆ ಹಲವು ತಿದ್ದುಪಡಿಗಳಾಗಿವೆ. ಇವುಗಳಲ್ಲಿ ಪ್ರಮುಖವಾದುದು 2017ರ ತಿದ್ದುಪಡಿ. ಆ ವರ್ಷದ ಅಕ್ಟೋಬರ್ 23ರಿಂದ, ತುರ್ತಲ್ಲದ ಚಿಕಿತ್ಸೆಯ ಅಂದಾಜು ವೆಚ್ಚವನ್ನು ಮುಂಗಡವಾಗಿಯೇ ಪಡೆಯುವುದು ಆಸ್ಪತ್ರೆಗಳ ಶಾಸನಬದ್ಧ ಕರ್ತವ್ಯವಾಯಿತು.

'ಸಾಮಾನ್ಯ ನಿವಾಸಿ' ಎಂಬ ಮಾನದಂಡ

ಅರ್ಹತೆಯ ಪ್ರಶ್ನೆ ನಿಂತಿರುವುದು 'ಸಾಮಾನ್ಯ ನಿವಾಸಿ' ಎಂಬ ಪರಿಕಲ್ಪನೆಯ ಮೇಲೆ. ಸಾಮಾನ್ಯ ನಿವಾಸಿಯಲ್ಲದ ಪ್ರತಿಯೊಬ್ಬ ವ್ಯಕ್ತಿಯೂ ನಿಯಮಗಳ ದೃಷ್ಟಿಯಲ್ಲಿ 'ವಿದೇಶಿ ಸಂದರ್ಶಕ'. ಕಾಯಿದೆಯಲ್ಲಿ ಈ ಪದದ ಪೂರ್ಣ ವ್ಯಾಖ್ಯೆಯಿಲ್ಲ. ಅದರ ಅರ್ಥವನ್ನು ಸ್ಪಷ್ಟಪಡಿಸಿದ್ದು ಬ್ರಿಟನ್ನಿನ ಅಂದಿನ ಉಚ್ಚತಮ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್. ಷಾ ಮತ್ತು ಬಾರ್ನೆಟ್ ಸ್ಥಳೀಯ ಆಡಳಿತದ ನಡುವಣ ಮೊಕದ್ದಮೆಯಲ್ಲಿ 1982ರ ಡಿಸೆಂಬರ್‌ನಲ್ಲಿ ಅದು ತೀರ್ಪು ನೀಡಿತು. ವಿಶೇಷವೆಂದರೆ ಆ ಮೊಕದ್ದಮೆಗೂ ಆಸ್ಪತ್ರೆಗೂ ಸಂಬಂಧವಿರಲಿಲ್ಲ. ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳು ಶೈಕ್ಷಣಿಕ ಧನಸಹಾಯಕ್ಕೆ ಅರ್ಹರೇ ಎಂಬುದು ಅಲ್ಲಿನ ಪ್ರಶ್ನೆಯಾಗಿತ್ತು. ಲಾರ್ಡ್ ಸ್ಕಾರ್ಮನ್ ನೀಡಿದ ವಿವರಣೆಯಿಂದ ಮೂರು ಲಕ್ಷಣಗಳು ಹೊರಡುತ್ತವೆ:

• ವಾಸವು ಕಾನೂನುಬದ್ಧವಾಗಿರಬೇಕು.
• ಅದು ವ್ಯಕ್ತಿಯು ಸ್ವಇಚ್ಛೆಯಿಂದ ಕೈಗೊಂಡುದಾಗಿರಬೇಕು.
• ಅಲ್ಪಕಾಲದ್ದಾಗಲಿ ದೀರ್ಘಕಾಲದ್ದಾಗಲಿ, ಅದು ನೆಲೆಗೊಂಡ ಉದ್ದೇಶದಿಂದ ಕೂಡಿದ್ದು ಅವರ ದೈನಂದಿನ ಜೀವನಕ್ರಮದ ಭಾಗವಾಗಿರಬೇಕು.

2014ರ ವಲಸೆ ಕಾಯಿದೆ ಇದಕ್ಕೆ ಇನ್ನೊಂದು ಷರತ್ತನ್ನು ಸೇರಿಸಿತು. ವಲಸೆ ನಿಯಂತ್ರಣಕ್ಕೆ ಒಳಪಟ್ಟ ವಿದೇಶಿಯರು ಅನಿರ್ದಿಷ್ಟಾವಧಿಯ ವಾಸಾನುಮತಿಯನ್ನು ಪಡೆದಿದ್ದರೆ ಮಾತ್ರ ಆಸ್ಪತ್ರೆ ಶುಲ್ಕದ ಮಟ್ಟಿಗೆ ಸಾಮಾನ್ಯ ನಿವಾಸಿಗಳೆನಿಸುತ್ತಾರೆ. ಇದರಿಂದ ಭಾರತದಂಥ ದೇಶಗಳಿಂದ ಕೆಲಸಕ್ಕೋ ವ್ಯಾಸಂಗಕ್ಕೋ ಹೋದವರು, ಎಷ್ಟೇ ವರ್ಷ ಅಲ್ಲಿ ನೆಲೆಸಿದ್ದರೂ, ಆ ಅನುಮತಿ ದೊರೆಯುವವರೆಗೆ ಸಾಮಾನ್ಯ ನಿವಾಸಿಗಳ ಪಟ್ಟಿಗೆ ಸೇರುವುದಿಲ್ಲ. ಅವರಿಗಾಗಿಯೇ ಮುಂದೆ ವಿವರಿಸಲಾದ ಸರ್‌ಚಾರ್ಜ್ ಪದ್ಧತಿ ರೂಪುಗೊಂಡಿತು.

ಈ ಮಾನದಂಡ ಬ್ರಿಟಿಷ್ ಪೌರರಿಗೂ ಅನ್ವಯಿಸುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಬೆಂಗಳೂರಿನಲ್ಲಿ ನೆಲೆಸಿ ಉದ್ಯೋಗದಲ್ಲಿರುವವರು ರಜೆಗೆಂದು ಲಂಡನ್ನಿಗೆ ಹೋದಾಗ ಅಲ್ಲಿ ವಿದೇಶಿ ಸಂದರ್ಶಕರೇ ಆಗುತ್ತಾರೆ. ಅವರೇ ಶಾಶ್ವತವಾಗಿ ನೆಲೆಸಲು ಮರಳಿದರೆ, ನೆಲೆಸುವ ಉದ್ದೇಶವನ್ನು ಸಮರ್ಥಿಸಿಕೊಂಡ ದಿನದಿಂದಲೇ ಉಚಿತ ಚಿಕಿತ್ಸೆಗೆ ಅರ್ಹರು. ಅದಕ್ಕೆ ಕಾಯುವ ಅವಧಿಯೇನೂ ಇಲ್ಲ.

ವಲಸೆ ಆರೋಗ್ಯ ಸರ್‌ಚಾರ್ಜ್

ಆರು ತಿಂಗಳಿಗಿಂತ ಹೆಚ್ಚಿನ ಅವಧಿಯ ವೀಸಾಕ್ಕೆ ಹೊರದೇಶದಿಂದ ಅರ್ಜಿ ಸಲ್ಲಿಸುವವರು ವೀಸಾ ಶುಲ್ಕದೊಡನೆ ಆರೋಗ್ಯ ಸರ್‌ಚಾರ್ಜನ್ನೂ ಪಾವತಿಸಬೇಕು. ಈ ಪದ್ಧತಿ 2015ರ ಏಪ್ರಿಲ್ 6ರಂದು ಆರಂಭವಾಯಿತು. ಆಗ ಇದರ ದರ ವರ್ಷಕ್ಕೆ 200 ಪೌಂಡ್, ವಿದ್ಯಾರ್ಥಿಗಳಿಗೆ 150 ಪೌಂಡ್ ಇತ್ತು. 2019ರ ಜನವರಿಯಲ್ಲಿ ಅದು 400 ಮತ್ತು 300 ಪೌಂಡ್‌ಗೂ, 2020ರ ಅಕ್ಟೋಬರ್‌ನಲ್ಲಿ 624 ಮತ್ತು 470 ಪೌಂಡ್‌ಗೂ ಏರಿತು. 2024ರ ಫೆಬ್ರವರಿ 6ರಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18 ವರ್ಷದೊಳಗಿನವರಿಗೂ 776 ಪೌಂಡ್ ನಿಗದಿಯಾಯಿತು.

ವೀಸಾದ ಸಂಪೂರ್ಣ ಅವಧಿಯ ಮೊತ್ತವನ್ನು ಅರ್ಜಿಯೊಡನೆ ಒಮ್ಮೆಗೇ ಕಟ್ಟಬೇಕು. ಹೆಚ್ಚುವರಿ ತಿಂಗಳುಗಳು ಆರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅರ್ಧ ವರ್ಷದ, ಅದಕ್ಕಿಂತ ಹೆಚ್ಚಿದ್ದರೆ ಪೂರ್ಣ ವರ್ಷದ ಲೆಕ್ಕ ಹಿಡಿಯಲಾಗುತ್ತದೆ. 2024ರ ದರದಂತೆ ಐದು ವರ್ಷಗಳ ಉದ್ಯೋಗ ವೀಸಾ ಪಡೆಯುವ ವಯಸ್ಕರೊಬ್ಬರು 5,175 ಪೌಂಡ್ ಕಟ್ಟಬೇಕಾಗುತ್ತದೆ. ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಹೋಗುವ ವಿದ್ಯಾರ್ಥಿಯ ವೀಸಾ ಸುಮಾರು 16 ತಿಂಗಳಿನದಾದರೆ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಆಗುತ್ತದೆ. ಆರೋಗ್ಯ ಮತ್ತು ಆರೈಕೆ ಕ್ಷೇತ್ರದ ಕೆಲಸಗಾರರ ವೀಸಾ ಪಡೆದವರಿಗೆ 2020ರಿಂದ ಈ ಸರ್‌ಚಾರ್ಜಿನಿಂದ ವಿನಾಯಿತಿ ಇದೆ.

ಸರ್‌ಚಾರ್ಜ್ ಪಾವತಿಸಿದವರು ವೀಸಾ ಜಾರಿಯಲ್ಲಿರುವವರೆಗೆ ನಿವಾಸಿಗಳಂತೆಯೇ ಆಸ್ಪತ್ರೆಯ ಚಿಕಿತ್ಸೆ ಪಡೆಯುತ್ತಾರೆ. ಮೊದಲೇ ಇದ್ದ ಕಾಯಿಲೆ, ಹೆರಿಗೆ, ಶಸ್ತ್ರಚಿಕಿತ್ಸೆ ಎಲ್ಲವೂ ಇದರಲ್ಲಿ ಸೇರುತ್ತವೆ. 2017ರ ಆಗಸ್ಟ್‌ನಿಂದ ಕೃತಕ ಗರ್ಭಧಾರಣೆಯ ಚಿಕಿತ್ಸೆಯನ್ನು ಮಾತ್ರ ಇದರಿಂದ ಹೊರಗಿಡಲಾಗಿದೆ. ಔಷಧ ಚೀಟಿಯ ಶುಲ್ಕ, ದಂತ ಚಿಕಿತ್ಸೆಯ ಶುಲ್ಕಗಳನ್ನು ಸ್ಥಳೀಯರಂತೆ ಇವರೂ ಕಟ್ಟಬೇಕು. ಈ ಸೌಲಭ್ಯ ಯಾರ ಹೆಸರಿನಲ್ಲಿ ಹಣ ಕಟ್ಟಲಾಗಿದೆಯೋ ಅವರಿಗೆ ಮಾತ್ರ ಸೀಮಿತ. ಮಗ ಕಟ್ಟಿದ ಸರ್‌ಚಾರ್ಜಿನಿಂದ ಅವನನ್ನು ನೋಡಲು ಬಂದ ತಂದೆತಾಯಿಗಳಿಗೆ ಯಾವ ರಕ್ಷಣೆಯೂ ದೊರೆಯುವುದಿಲ್ಲ.

ಆರು ತಿಂಗಳವರೆಗಿನ ಸಂದರ್ಶಕ ವೀಸಾಕ್ಕೆ ಸರ್‌ಚಾರ್ಜ್ ಇಲ್ಲ. ಎರಡು, ಐದು ಅಥವಾ ಹತ್ತು ವರ್ಷಗಳ ದೀರ್ಘಾವಧಿ ಸಂದರ್ಶಕ ವೀಸಾಕ್ಕೂ ಇಲ್ಲ. ಅದರಲ್ಲಿ ಪ್ರತಿ ಭೇಟಿಯ ಮಿತಿ ಆರು ತಿಂಗಳು. ಸರ್‌ಚಾರ್ಜ್ ಕಟ್ಟಿ ಉಚಿತ ಚಿಕಿತ್ಸೆಯ ಹಕ್ಕು ಪಡೆಯುವ ಆಯ್ಕೆಯೂ ಈ ಸಂದರ್ಶಕರಿಗಿಲ್ಲ.

ಎಲ್ಲರಿಗೂ ಉಚಿತವಾಗಿರುವ ಸೇವೆಗಳು

ಕೆಲವು ಸೇವೆಗಳು ವ್ಯಕ್ತಿಯ ವಾಸ, ವೀಸಾ ಯಾವುದೇ ಇರಲಿ, ಉಚಿತವಾಗಿಯೇ ದೊರೆಯುತ್ತವೆ. ಇವುಗಳಲ್ಲಿ ಮುಖ್ಯವಾದವು:

• ಅಪಘಾತ ಮತ್ತು ತುರ್ತು ಚಿಕಿತ್ಸಾ ವಿಭಾಗದ ಸೇವೆ. ರೋಗಿಯನ್ನು ಒಳರೋಗಿಯಾಗಿ ದಾಖಲಿಸಿಕೊಂಡ ಕ್ಷಣದಿಂದ, ಅಥವಾ ಹೊರರೋಗಿ ವಿಭಾಗಕ್ಕೆ ಬರಲು ದಿನ ಗೊತ್ತುಪಡಿಸಿದ ಬಳಿಕ, ಮುಂದಿನ ಚಿಕಿತ್ಸೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.
• ಕುಟುಂಬ ಯೋಜನೆಯ ಸೇವೆಗಳು. ಗರ್ಭಪಾತ ಮತ್ತು ಬಂಜೆತನದ ಚಿಕಿತ್ಸೆ ಇದರಲ್ಲಿ ಸೇರಿಲ್ಲ.
• ಕ್ಷಯ, ಕಾಲರಾ, ಮಲೇರಿಯಾ, ಕೋವಿಡ್-19 ಮೊದಲಾಗಿ ಪಟ್ಟಿಮಾಡಿದ ಸಾಂಕ್ರಾಮಿಕ ರೋಗಗಳ ಪತ್ತೆ ಮತ್ತು ಚಿಕಿತ್ಸೆ. 2012ರ ಅಕ್ಟೋಬರ್‌ನಿಂದ ಎಚ್‌ಐವಿ ಚಿಕಿತ್ಸೆಯೂ ಇದರಲ್ಲಿ ಸೇರಿದೆ.
• ಲೈಂಗಿಕವಾಗಿ ಹರಡುವ ರೋಗಗಳ ಪತ್ತೆ ಮತ್ತು ಚಿಕಿತ್ಸೆ.
• ಚಿತ್ರಹಿಂಸೆ, ಕೌಟುಂಬಿಕ ಹಿಂಸೆ, ಲೈಂಗಿಕ ಹಿಂಸೆ ಹಾಗೂ ಸ್ತ್ರೀ ಜನನಾಂಗ ಛೇದನದಿಂದ ಉಂಟಾದ ತೊಂದರೆಗಳ ಚಿಕಿತ್ಸೆ. ಆ ಚಿಕಿತ್ಸೆಗೆಂದೇ ಪ್ರಯಾಣ ಮಾಡಿ ಬಂದವರಿಗೆ ಇದು ಅನ್ವಯಿಸುವುದಿಲ್ಲ.

ಸಾಂಕ್ರಾಮಿಕ ರೋಗಗಳ ವಿನಾಯಿತಿಯ ಹಿಂದಿರುವುದು ಸಾರ್ವಜನಿಕ ಆರೋಗ್ಯದ ಹಿತ. ಖರ್ಚಿಗೆ ಹೆದರಿ ಒಬ್ಬ ರೋಗಿ ಆಸ್ಪತ್ರೆಯಿಂದ ದೂರ ಉಳಿದರೆ ಅಪಾಯ ಅವನೊಬ್ಬನಿಗೇ ಸೀಮಿತವಾಗುವುದಿಲ್ಲ.

ಆಸ್ಪತ್ರೆಯ ಹೊರಗೆ, ಜಿ.ಪಿ. ಎಂದು ಕರೆಯಲಾಗುವ ಸಾಮಾನ್ಯ ವೈದ್ಯರ ಸಲಹೆಯೂ ಎಲ್ಲರಿಗೂ ಉಚಿತ. ಸಂದರ್ಶಕರು ತಾತ್ಕಾಲಿಕ ರೋಗಿಗಳಾಗಿ ಹೆಸರು ನೋಂದಾಯಿಸಿಕೊಳ್ಳಲು ಅವಕಾಶವಿದೆ. ಆದರೆ ಜಿ.ಪಿ.ಯವರು ಬರೆದುಕೊಟ್ಟ ಪತ್ರ ಹಿಡಿದು ಆಸ್ಪತ್ರೆಗೆ ಹೋದಾಗ ಅಲ್ಲಿ ಮತ್ತೆ ಅರ್ಹತೆಯ ಪ್ರಶ್ನೆ ಎದುರಾಗುತ್ತದೆ. ಜಿ.ಪಿ. ಬಳಿ ನೋಂದಣಿ ಆಗಿರುವುದಾಗಲಿ, ಎನ್‌ಎಚ್‌ಎಸ್ ಸಂಖ್ಯೆ ದೊರೆತಿರುವುದಾಗಲಿ ಆಸ್ಪತ್ರೆಯ ಉಚಿತ ಚಿಕಿತ್ಸೆಗೆ ಪುರಾವೆಯಲ್ಲ.

ವಿನಾಯಿತಿ ಪಡೆದ ವ್ಯಕ್ತಿಗಳು

ಸೇವೆಗಳಿಗೆ ಇರುವಂತೆ ಕೆಲವು ವರ್ಗದ ವ್ಯಕ್ತಿಗಳಿಗೂ ಶುಲ್ಕದಿಂದ ವಿನಾಯಿತಿ ಇದೆ. ನಿರಾಶ್ರಿತರೆಂದು ಮಾನ್ಯತೆ ಪಡೆದವರು, ಆಶ್ರಯ ಕೋರಿ ಅರ್ಜಿ ಸಲ್ಲಿಸಿ ತೀರ್ಮಾನಕ್ಕಾಗಿ ಕಾದಿರುವವರು, ಸ್ಥಳೀಯ ಆಡಳಿತದ ಪೋಷಣೆಯಲ್ಲಿರುವ ಮಕ್ಕಳು, ಆಧುನಿಕ ಜೀತಪದ್ಧತಿಗೆ ಬಲಿಯಾದವರೆಂದು ಗುರುತಿಸಲ್ಪಟ್ಟವರು, ಸೆರೆಯಲ್ಲಿರುವವರು ಇವರಲ್ಲಿ ಸೇರುತ್ತಾರೆ.

ಕೆಲವು ದೇಶಗಳೊಡನೆ ಬ್ರಿಟನ್ ಪರಸ್ಪರ ಆರೋಗ್ಯ ಒಪ್ಪಂದ ಮಾಡಿಕೊಂಡಿದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಇದಕ್ಕೆ ಉದಾಹರಣೆ. ಆ ದೇಶಗಳ ನಿವಾಸಿಗಳು ಪ್ರವಾಸದ ನಡುವೆ ಕಾಯಿಲೆ ಬಿದ್ದರೆ ತಡಮಾಡಲಾಗದ ಚಿಕಿತ್ಸೆಯನ್ನು ಶುಲ್ಕವಿಲ್ಲದೆ ಪಡೆಯುತ್ತಾರೆ. ಐರೋಪ್ಯ ಒಕ್ಕೂಟದ ನಿವಾಸಿಗಳು ತಮ್ಮ ಆರೋಗ್ಯ ವಿಮಾ ಕಾರ್ಡಿನ ಆಧಾರದ ಮೇಲೆ ಅಗತ್ಯ ಚಿಕಿತ್ಸೆ ಪಡೆಯಬಹುದು. ಭಾರತದೊಡನೆ ಇಂಥ ಒಪ್ಪಂದವಿಲ್ಲ.

ಶುಲ್ಕ ವಿಧಿಸುವ ಕ್ರಮ

ಅರ್ಹತೆಯನ್ನು ಪರಿಶೀಲಿಸಿ ಶುಲ್ಕ ವಸೂಲು ಮಾಡುವ ಹೊಣೆ ಚಿಕಿತ್ಸೆ ನೀಡುವ ಆಸ್ಪತ್ರೆಯದು. ಇದಕ್ಕಾಗಿ ಆಸ್ಪತ್ರೆಗಳಲ್ಲಿ ವಿದೇಶಿ ಸಂದರ್ಶಕರ ವಿಷಯ ನೋಡಿಕೊಳ್ಳುವ ಅಧಿಕಾರಿಗಳಿರುತ್ತಾರೆ. ಹೆಸರು, ಮೈಬಣ್ಣ, ಉಚ್ಚಾರಣೆಗಳ ಆಧಾರದ ಮೇಲೆ ಕೆಲವರನ್ನಷ್ಟೇ ಆರಿಸಿ ಪ್ರಶ್ನಿಸುವುದು ತಾರತಮ್ಯವಾಗುತ್ತದೆ. ಆದ್ದರಿಂದ ವಾಸದ ಕುರಿತ ಮೂಲ ಪ್ರಶ್ನೆಗಳನ್ನು ಎಲ್ಲ ರೋಗಿಗಳಿಗೂ ಸಮಾನವಾಗಿ ಕೇಳಬೇಕು.

ಚಿಕಿತ್ಸೆಯ ತುರ್ತನ್ನು ಅನುಸರಿಸಿ ಮೂರು ವಿಭಾಗಗಳನ್ನು ಮಾಡಲಾಗಿದೆ. ಯಾವ ರೋಗಿ ಯಾವ ವಿಭಾಗಕ್ಕೆ ಸೇರುತ್ತಾನೆ ಎಂಬುದನ್ನು ನಿರ್ಧರಿಸುವವರು ವೈದ್ಯರು. ಕಚೇರಿಯ ಸಿಬ್ಬಂದಿಗೆ ಆ ಅಧಿಕಾರವಿಲ್ಲ.

ತಕ್ಷಣ ಅಗತ್ಯವಾದ ಚಿಕಿತ್ಸೆ: ಪ್ರಾಣ ಉಳಿಸಲು ಅಥವಾ ಶಾಶ್ವತವಾದ ಗಂಭೀರ ಹಾನಿಯನ್ನು ತಪ್ಪಿಸಲು ಬೇಕಾದುದು. ಹಣದ ಮಾತು ಇದಕ್ಕೆ ಅಡ್ಡಬರುವಂತಿಲ್ಲ. ಹೆರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಎಲ್ಲ ಆರೈಕೆಯನ್ನೂ ಸದಾ ಇದೇ ವಿಭಾಗದಲ್ಲಿ ಪರಿಗಣಿಸಬೇಕು.

ತುರ್ತು ಚಿಕಿತ್ಸೆ: ತಕ್ಷಣದ ಪ್ರಾಣಾಪಾಯವಿಲ್ಲದಿದ್ದರೂ ರೋಗಿ ಸ್ವದೇಶಕ್ಕೆ ಮರಳುವವರೆಗೆ ಕಾಯಲಾಗದಂಥದು. ಮುಂಗಡ ಹಣ ಪಡೆಯಲು ಆಸ್ಪತ್ರೆ ಯತ್ನಿಸಬಹುದು. ಹಣ ಬಾರದಿದ್ದರೂ ಚಿಕಿತ್ಸೆ ನೀಡಬೇಕು.

ತುರ್ತಲ್ಲದ ಚಿಕಿತ್ಸೆ: ಸ್ವದೇಶಕ್ಕೆ ಮರಳಿದ ಬಳಿಕ ಮಾಡಿಸಿಕೊಳ್ಳಬಹುದಾದುದು. ಅಂದಾಜು ವೆಚ್ಚವನ್ನು ಪೂರ್ಣವಾಗಿ ಮೊದಲೇ ಕಟ್ಟದಿದ್ದರೆ ಇದನ್ನು ಆರಂಭಿಸುವಂತಿಲ್ಲ.

ಮೊದಲ ಎರಡು ವಿಭಾಗಗಳಲ್ಲಿ ಚಿಕಿತ್ಸೆ ನಿಲ್ಲುವುದಿಲ್ಲವೆಂದ ಮಾತ್ರಕ್ಕೆ ಬಿಲ್ಲು ರದ್ದಾಗುವುದಿಲ್ಲ. ಭಾರತದಂಥ ದೇಶಗಳ ಸಂದರ್ಶಕರಿಂದ, ಆ ಚಿಕಿತ್ಸೆಗೆ ಎನ್‌ಎಚ್‌ಎಸ್‌ನೊಳಗೆ ಗೊತ್ತುಪಡಿಸಿರುವ ದರದ ಶೇಕಡ 150ರಷ್ಟನ್ನು ಪಡೆಯಲಾಗುತ್ತದೆ. ಉದಾಹರಣೆಗೆ, ದರ 4,000 ಪೌಂಡ್ ಎಂದಿಟ್ಟುಕೊಂಡರೆ ಸಂದರ್ಶಕರಿಗೆ ಬರುವ ಬಿಲ್ಲು 6,000 ಪೌಂಡ್. ಪ್ರವಾಸ ವಿಮೆ ಇದ್ದರೂ ಹೊಣೆಗಾರ ರೋಗಿಯೇ. ವಿಮೆಯಿಂದ ಶುಲ್ಕಕ್ಕೆ ವಿನಾಯಿತಿ ಸಿಗುವುದಿಲ್ಲ. ವಿಮಾ ಕಂಪನಿಯಿಂದ ಹಣ ಬರುವುದು ಪಾಲಿಸಿಯ ಷರತ್ತುಗಳನ್ನು ಅವಲಂಬಿಸಿರುತ್ತದೆ.

ಒಮ್ಮೆಗೆ ಕಟ್ಟಲಾಗದವರು ಕಂತುಗಳಲ್ಲಿ ಪಾವತಿಸಲು ಆಸ್ಪತ್ರೆಯೊಡನೆ ಒಪ್ಪಂದ ಮಾಡಿಕೊಳ್ಳಬಹುದು. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತ ಎರಡು ತಿಂಗಳು ದಾಟಿಯೂ ಬಾಕಿ ಉಳಿದರೆ ಆ ಮಾಹಿತಿ ಗೃಹ ಇಲಾಖೆಗೆ ತಲುಪುತ್ತದೆ. ಇಂಥ ಬಾಕಿಯ ಕಾರಣದಿಂದ ಮುಂದಿನ ವೀಸಾ ಅರ್ಜಿಯನ್ನು ತಿರಸ್ಕರಿಸಲು ಅವಕಾಶವಿದೆ.

ಭಾರತೀಯ ಸಂದರ್ಶಕರ ಸಂದರ್ಭ

ಬ್ರಿಟನ್ನಿನಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಕರ್ನಾಟಕದಿಂದಲೂ ಅನೇಕ ಹಿರಿಯರು ಹೋಗಿಬರುತ್ತಾರೆ. ಮಗಳ ಅಥವಾ ಸೊಸೆಯ ಬಾಣಂತನ, ಮೊಮ್ಮಕ್ಕಳ ಲಾಲನೆಪಾಲನೆ ಇದಕ್ಕೆ ಸಾಮಾನ್ಯ ಕಾರಣಗಳು. ಸಂದರ್ಶಕ ವೀಸಾದಲ್ಲಿ ಹೋಗುವ ಇವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಅಪರೂಪವಲ್ಲ. ನಿಯಮಗಳು ಇಂಥವರಿಗೆ ಅನ್ವಯವಾಗುವ ಬಗೆಯನ್ನು ಕಲ್ಪಿತ ಉದಾಹರಣೆಯೊಂದರಿಂದ ತಿಳಿಯಬಹುದು.

ಬಾಣಂತನಕ್ಕೆಂದು ಮೈಸೂರಿನಿಂದ ಮ್ಯಾಂಚೆಸ್ಟರಿಗೆ ಬಂದ ತಾಯಿಗೆ ಒಂದು ರಾತ್ರಿ ಎದೆನೋವು ಕಾಣಿಸಿಕೊಂಡಿತು ಎಂದುಕೊಳ್ಳೋಣ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನಡೆಯುವ ತಪಾಸಣೆ ಉಚಿತ. ಹೃದಯಾಘಾತವೆಂದು ತಿಳಿದು ವಾರ್ಡಿಗೆ ದಾಖಲಿಸಿಕೊಂಡರೆ ಅಲ್ಲಿಂದ ಮುಂದಿನ ಚಿಕಿತ್ಸೆಗೆ ಶುಲ್ಕವಿದೆ. ಚಿಕಿತ್ಸೆ ತಕ್ಷಣ ಅಗತ್ಯವಾದುದರಿಂದ ಹಣಕ್ಕಾಗಿ ಅದನ್ನು ತಡೆಯುವುದಿಲ್ಲ. ಬಿಲ್ಲು ಅನಂತರ ತಾಯಿಯ ಹೆಸರಿಗೆ ಬರುತ್ತದೆ. ಮಗಳ ಹೆರಿಗೆಯಾದರೋ, ಅವಳು ಸರ್‌ಚಾರ್ಜ್ ಕಟ್ಟಿದ್ದರಿಂದ, ಅದೇ ಆಸ್ಪತ್ರೆಯಲ್ಲಿ ಉಚಿತವಾಗಿ ನಡೆದಿರುತ್ತದೆ. ಒಂದೇ ಮನೆಯ, ಒಂದೇ ದೇಶದ ಪೌರರಾದ ಇಬ್ಬರ ಸ್ಥಿತಿಯಲ್ಲಿ ಈ ಅಂತರವಿರಲು ಕಾರಣ ಅವರ ವೀಸಾ. ಮಗಳು ಅಲ್ಲಿ ಕಟ್ಟುವ ಆದಾಯ ತೆರಿಗೆ ತಾಯಿಯ ಲೆಕ್ಕಕ್ಕೆ ಬರುವುದಿಲ್ಲ.

ಈ ಅಂತರವನ್ನು ಅರಿಯದವರು ಎರಡು ರೀತಿಯಲ್ಲಿ ತೊಂದರೆಗೆ ಸಿಲುಕುತ್ತಾರೆ. ಎಲ್ಲವೂ ಉಚಿತವೆಂದು ನಂಬಿ ವಿಮೆಯಿಲ್ಲದೆ ಹೋದವರಿಗೆ ದೊಡ್ಡ ಬಿಲ್ಲು ಎದುರಾಗುತ್ತದೆ. ಏನೂ ಉಚಿತವಲ್ಲವೆಂದು ಹೆದರಿದವರು ಎದೆನೋವನ್ನೂ ಮುಚ್ಚಿಟ್ಟು, ಉಚಿತವಾಗಿಯೇ ದೊರೆಯುವ ತುರ್ತು ತಪಾಸಣೆಗೆ ತಡವಾಗಿ ಹೋಗುತ್ತಾರೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಅಪಾಯಕಾರಿ.

ಪರ ಮತ್ತು ವಿರೋಧ ವಾದಗಳು

ಆರೋಗ್ಯ ಸೇವೆಯ ವೆಚ್ಚವನ್ನು ಬ್ರಿಟನ್ನಿನ ತೆರಿಗೆದಾರರು ಭರಿಸುತ್ತಿರುವಾಗ ಹೊರಗಿನಿಂದ ಬಂದವರೂ ತಮ್ಮ ಪಾಲನ್ನು ಕೊಡುವುದು ನ್ಯಾಯ ಎಂಬುದು ಶುಲ್ಕದ ಪರವಾಗಿರುವ ಮುಖ್ಯ ವಾದ. ಚಿಕಿತ್ಸೆಗೆಂದೇ ದೇಶಕ್ಕೆ ಬರುವುದನ್ನು ಇದು ತಡೆಯುತ್ತದೆ ಎಂಬ ಸಮರ್ಥನೆಯೂ ಇದೆ.

ವಿರೋಧಿಸುವವರ ವಾದಗಳು ಹಲವು. ಬಿಲ್ಲಿನ ಭಯದಿಂದ ಗರ್ಭಿಣಿಯರು ಮತ್ತು ದಾಖಲೆಗಳಿಲ್ಲದ ವಲಸಿಗರು ಆಸ್ಪತ್ರೆಯಿಂದ ದೂರ ಉಳಿಯುತ್ತಾರೆ, ವೈದ್ಯರ ಕೆಲಸದಲ್ಲಿ ವಲಸೆ ತಪಾಸಣೆ ನುಸುಳುತ್ತದೆ, ದಾಖಲೆ ತೋರಿಸಲಾಗದ ಅರ್ಹರೂ ಸಂಕಟಕ್ಕೀಡಾಗುತ್ತಾರೆ ಎಂಬುದು ಅವರ ಆಕ್ಷೇಪ. ಈ ಕೊನೆಯ ಆತಂಕ 2018ರಲ್ಲಿ ನಿಜವಾಗಿ ಕಾಣಿಸಿತು. ಕೆರಿಬಿಯನ್ ದ್ವೀಪಗಳಿಂದ ಹದಿಹರೆಯದಲ್ಲಿ ಬಂದು ದಶಕಗಳ ಕಾಲ ಲಂಡನ್ನಿನಲ್ಲಿ ದುಡಿದಿದ್ದ ಕ್ಯಾನ್ಸರ್ ರೋಗಿಯೊಬ್ಬರು ತಮ್ಮ ವಾಸದ ಹಕ್ಕಿಗೆ ಪುರಾವೆ ಒದಗಿಸಲಾರದೆ ಹೋದಾಗ, ವಿಕಿರಣ ಚಿಕಿತ್ಸೆಗೆ 54,000 ಪೌಂಡ್ ಮುಂಗಡ ಕೇಳಲಾಯಿತು. 'ವಿಂಡ್‌ರಶ್ ಹಗರಣ' ಎಂದು ಹೆಸರಾದ ಪ್ರಕರಣಗಳಲ್ಲಿ ಇದೂ ಒಂದು. ಸಾರ್ವಜನಿಕರ ಆಕ್ರೋಶದ ಬಳಿಕ ಅವರ ವಾಸದ ಹಕ್ಕನ್ನು ಸರ್ಕಾರ ಒಪ್ಪಿಕೊಂಡಿತು ಮತ್ತು ಅವರಿಗೆ ಚಿಕಿತ್ಸೆ ದೊರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ವೈದ್ಯರು, ಮಕ್ಕಳ ತಜ್ಞರು ಮತ್ತು ಪ್ರಸೂತಿ ತಜ್ಞರ ರಾಯಲ್ ಕಾಲೇಜುಗಳು ಶುಲ್ಕದ ನಿಯಮಗಳನ್ನು ಅಮಾನತಿನಲ್ಲಿಡಬೇಕೆಂದು ಕೋರಿದವು. 2019ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘದ ವಾರ್ಷಿಕ ಸಭೆಯೂ ಈ ಶುಲ್ಕ ಪದ್ಧತಿಯನ್ನು ಕೈಬಿಡಬೇಕೆಂಬ ನಿಲುವು ತಳೆಯಿತು.

ಸಂದರ್ಶಕರನ್ನು ಗುರುತಿಸುವ ಭಾರ ನಿವಾಸಿಗಳ ಮೇಲೂ ಬೀಳುತ್ತದೆ ಎಂದು ಬೆವನ್ 1952ರಲ್ಲಿ ಹೇಳಿದ್ದಕ್ಕೆ ಈ ಪ್ರಕರಣವನ್ನು ನಿದರ್ಶನವಾಗಿ ಕಾಣಬಹುದು. ನಿಯಮಗಳು ಇಂದಿಗೂ ಜಾರಿಯಲ್ಲಿವೆ. ಸರ್‌ಚಾರ್ಜಿನ ದರ ಮತ್ತು ವಿನಾಯಿತಿಯ ಪಟ್ಟಿಗಳು ಆಗಾಗ್ಗೆ ಪರಿಷ್ಕರಣೆಗೊಳ್ಳುತ್ತಿದ್ದು, ಪ್ರಯಾಣದ ಕಾಲದ ದರಗಳು ಬ್ರಿಟಿಷ್ ಸರ್ಕಾರದ ಅಧಿಕೃತ ಪ್ರಕಟಣೆಗಳಲ್ಲಿ ಲಭ್ಯವಿರುತ್ತವೆ.